ಮೇ ತಿಂಗಳ ಮದುವೆ, ನಾಲ್ಕು ತಿಂಗಳ ಕೂಸು: ಎಲ್ಲರ ನಡುವೆ ಹಾಲೂಡಿಸಲು ಯಾವ ಬಟ್ಟೆ ಅನುಕೂಲ?

ಬೇವಿನಕಟ್ಟೆ (ಪ್ರಶ್ನೆ):
ಮೇ ಎರಡನೇ ವಾರ ಬೆಂಗಳೂರಿನಿಂದ ರಾಯಚೂರಿಗೆ ಮದುವೆಗೆ ಹೋಗಬೇಕು. ರಾತ್ರಿ ರೈಲು, ಎರಡು ದಿನ ಕಲ್ಯಾಣ ಮಂಟಪ, ಆಮೇಲೆ ಸಿಂಧನೂರಿಗೆ ಬಸ್ಸು. ಮಗುವಿಗೆ ಆಗ 4 ತಿಂಗಳು, ಎದೆಹಾಲು ಮಾತ್ರ. ಪ್ರತಿ ಸಲ ಮೂಲೆಕೋಣೆ ಹುಡುಕಿಕೊಂಡು ಏಳುವ ಇರಾದೆ ಇಲ್ಲ, ಕೂತಲ್ಲೇ ಕೊಡುತ್ತೇನೆ. ಪ್ರಯಾಣಕ್ಕೆ ಇರುವ ಕುರ್ತಾಗಳನ್ನೇ ಬದಲಾಯಿಸಿಕೊಳ್ಳಬಹುದೇ? ಮದುವೆ ದಿನದ ಬ್ಲೌಸ್ ಹೇಗೆ ಹೊಲಿಸಲಿ? ಆ ಬಿಸಿಲಿಗೆ ಮಗುವಿಗೆ ಏನು ಹಾಕಲಿ? ಮೇಲೆ ಹೊದೆಯುವ ಫೀಡಿಂಗ್ ಕವರ್ ಬೇಕೇಬೇಕಾ?

ಸೂಜಿಮನೆ:
ಪ್ರಿನ್ಸೆಸ್ ಕಟ್ ಇರುವ ಕಾಟನ್ ಕುರ್ತಾ ಇದ್ದರೆ ಸಾಕು. ಹೆಗಲಿನಿಂದ ಎದೆ ಮೇಲೆ ಹಾದು ಇಳಿಯುವ ಎರಡು ಹೊಲಿಗೆ ಇರುತ್ತವಲ್ಲ, ಅವನ್ನೇ ಬಿಚ್ಚಿಸಿ ಎರಡೂ ಕಡೆ 9 ಇಂಚಿನ ನೈಲಾನ್ ಇನ್‌ವಿಸಿಬಲ್ ಜಿಪ್ ಕೂರಿಸಿ. ಲೋಹದ ಜಿಪ್ ಬೇಡ. ಬಿಸಿಲಿಗೆ ಕಾಯುತ್ತದೆ, ಮಗುವಿನ ಕೆನ್ನೆ ಒರಗುವುದೂ ಅಲ್ಲೇ.

ಅಳತೆಗೆ ಹೋಗುವಾಗ ದಿನಾ ಹಾಕುವ ಫೀಡಿಂಗ್ ಬ್ರಾ ತೊಟ್ಟೇ ಹೋಗಿ. ತೊಟ್ಟಿನ ಮಟ್ಟದಿಂದ ಸುಮಾರು 3 ಇಂಚು ಮೇಲೆ ಜಿಪ್ ಶುರುವಾಗಿ 6 ಇಂಚು ಕೆಳಗಿಳಿಯಲಿ. ಮಾಮೂಲಿ ಟೈಲರ್‌ಗಳು ಇದನ್ನು ಹೆಗಲಿಗೆ ಹತ್ತಿರ ಇಟ್ಟುಬಿಡುತ್ತಾರೆ, ಆಗ ಹಾಲು ಕೊಡಲು ಇಡೀ ಕುರ್ತಾ ಪಕ್ಕಕ್ಕೆ ಎಳೆದುಕೊಳ್ಳಬೇಕಾಗುತ್ತದೆ. ಮೇಲಿಂದ ಕೆಳಗೆ ಎಳೆದರೆ ತೆರೆಯುವಂತಿರಲಿ: ಮೇಲೆ ಹೆಗಲು ಬಟ್ಟೆಯನ್ನು ಹಿಡಿದಿರುತ್ತದೆ, ಹಾಗಾಗಿ ಮಗು ಎತ್ತಿಕೊಂಡಿದ್ದರೂ ಒಂದೇ ಕೈಯಲ್ಲಿ ಆಗುತ್ತದೆ. ಜಿಪ್‌ನ ಒಳಬದಿಗೆ 1 ಇಂಚಿನ ಮೆತ್ತನೆ ಪಟ್ಟಿ ಕೊಡಿಸಿ, ಕೆಳತುದಿಗೆ ನಾಲ್ಕಾರು ಗಟ್ಟಿ ಹೊಲಿಗೆ ಹಾಕಿಸಿ. ಕಿತ್ತುಹೋಗುವುದು ಯಾವಾಗಲೂ ಆ ತುದಿಯಲ್ಲೇ. ಲೈನಿಂಗ್ ಇದ್ದರೆ ಅದನ್ನೂ ಸೀಳಿ ಜಿಪ್‌ಗೆ ಸೇರಿಸಲು ಬಾಯಿಬಿಟ್ಟು ಹೇಳಿ, ಹೊರಬಟ್ಟೆಗೆ ಮಾತ್ರ ಜಿಪ್ ಹಾಕಿ ಕೊಡುವವರಿದ್ದಾರೆ!

ಹೊಸ ಬಟ್ಟೆಯಾದರೆ ಹೊಲಿಸುವ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ. ಕಾಟನ್ ಕುಗ್ಗುತ್ತದೆ, ಜಿಪ್ ಕುಗ್ಗುವುದಿಲ್ಲ. ನೆನೆಸದೆ ಹೊಲಿಸಿದರೆ ಮೊದಲ ಒಗೆತಕ್ಕೇ ಎದೆ ಮೇಲೆ ಅಲೆಯಲೆಯಾಗಿ ಉಬ್ಬಿ ನಿಲ್ಲುತ್ತದೆ.

ಬ್ಲೌಸಿನ ವಿಷಯ ಸರಳ. ಮುಂದೆ ಹುಕ್ ಇರಬೇಕು. ಬೆನ್ನಿಗೆ ಹುಕ್, ಬೋಟ್ ನೆಕ್, ಕಪ್ ಕೂರಿಸಿದ್ದು ಈ ವರ್ಷಕ್ಕೆ ಬೇಡ. ಕೆಳಗಿನ 3 ಹುಕ್ ಬಿಚ್ಚಿ ಕೆಳಗಿನಿಂದ ಎತ್ತಿಕೊಂಡರೆ ಮೇಲಿನದು ಹಾಗೇ ಉಳಿಯುತ್ತದೆ. ಹಾಲು ತುಂಬಿದಾಗಿನ ಅಳತೆ ಕೊಡಿ, ಒಳಗೆ ಎರಡೂ ಪಕ್ಕ 1.5 ಇಂಚು ಬಟ್ಟೆ ಬಿಡಿಸಿ. ಬಿಗಿ ಬ್ಲೌಸಿನಲ್ಲಿ ಇಡೀ ದಿನ ಕಳೆದರೆ ಹಾಲು ಕಟ್ಟಿಕೊಂಡು ಎದೆ ಗಂಟುಗಂಟಾಗುತ್ತದೆ. ಸೆರಗನ್ನು ನೆರಿಗೆ ಮಡಿಸಿ ಪಿನ್ ಮಾಡಬೇಡಿ. ಒಂಟಿ ಸೆರಗು ಇಳಿಬಿಟ್ಟು, ಹೆಗಲ ಹಿಂಭಾಗಕ್ಕೆ ಒಂದೇ ಪಿನ್. ಎಡಗಡೆ ಕೊಡುವಾಗ ಸೆರಗು ತಾನಾಗಿ ಮರೆಯಾಗುತ್ತದೆ, ಬಲಗಡೆಗೆ ಸೆರಗಿನ ತುದಿ ಬೆನ್ನಿನಿಂದ ಸುತ್ತಿ ಮುಂದೆ ತಂದುಕೊಳ್ಳಿ.

ಕೃಷ್ಣಾತೀರ:
ಅಕ್ಕಾರ, ನಮ್ಮ ರಾಯಚೂರ ಬಿಸಲು ಮೇದಾಗ 40 ದಾಟತದ, ಬೆಂಗಳೂರ ಲೆಕ್ಕ ಇಲ್ಲಿ ನಡ್ಯಂಗಿಲ್ರಿ. ಕೂಸಿಗೆ ಒಂದೇ ಪದರ ಸಾಕು: ತೆಳ್ಳನ ಮಲ್ ಬಟ್ಟೆ ಜಬಲಾ, ಮುಂದ ಕಟ್ಟೋ ಲಾಡಿ ಇರೋದು. ದಿನಕ್ಕ 5-6 ಬೇಕಾಗ್ತಾವ, ಬೆವತಿದ್ದು ಮೈಮ್ಯಾಲೆ ಒಣಗಾಕ ಬಿಡಬ್ಯಾಡ್ರಿ. ಹೊಸಾವು ಇದ್ರ ಎರಡ್ ಸಲ ಒಗದು ಗಂಜಿ ಬಿಡಸ್ರಿ. ಬೆವರುಸಾಲಿ ಎದ್ರ ತಣ್ಣೀರಾಗ ಅದ್ದಿದ ಅರಿವಿಲೆ ಒರಸಿ ಗಾಳಿಗೆ ಬಿಡ್ರಿ. ಪೌಡರ್ ಬ್ಯಾಡೇ ಬ್ಯಾಡ, ಉಸಿರಿನಾಗ ಹೋಗತದ.

ಕುಲಾವಿ ಹೊರಗ ಬಿಸಲಿಗೆ ಅಷ್ಟ, ಮಂಟಪದಾಗ ಬಂದ ಕೂಡಲೆ ತಗೀರಿ. ಎಳೀ ಕೂಸಿನ ಮೈಶಾಖ ಹೊರಗ ಹೋಗೋದ್ರಾಗ ದೊಡ್ಡ ಪಾಲು ತಲಿದು. ಶಾಖ ನೋಡಬೇಕಂದ್ರ ಕೈಕಾಲು ಮುಟ್ಟಬ್ಯಾಡ್ರಿ, ಕುತ್ತಿಗಿ ಹಿಂದ ಮುಟ್ಟ್ರಿ.

ಮದುವಿ ಅಂದ್ರ ಅವ್ವಗೂ ಮಗಳಿಗೂ ಒಂದೇ ಖಣದ ಅರಿವಿ ತೊಡಸೋದು ಈಗ ಭಾಳ ನಡದದ. ಗುಳೇದಗುಡ್ಡ ಖಣದಾಗ ನಿಮ್ಮ ಬ್ಲೌಸು, ಉಳದದ್ರಾಗ ಕೂಸಿಗೆ ತೋಳಿಲ್ಲದ ಫ್ರಾಕು, ಚಂದ ಕಾಣತದ. ಆದ್ರ ಖಣ ಮೈಗೆ ಒರಟು, ಒಳಗ ಪೂರ್ತಿ ಮಲ್ ಅಸ್ತರ ಕೊಡಸ್ರಿ, ಸೊಂಟಕ್ಕ ಎಲಾಸ್ಟಿಕ್ ಬ್ಯಾಡ. ಅಕ್ಷತಾ ಬೀಳೋ ಹೊತ್ತು, ಫೋಟೋ ಹೊತ್ತು ತೊಡಸಿ ತಗದು ಬಿಡ್ರಿ. ನೆಟ್ಟು, ಚಮಕಿ ಇರೋ ಅರಿವಿ ಯಾರರ ಉಡುಗೊರಿ ಕೊಟ್ರ ನಕ್ಕು ಇಸಕೊಂಡು ಟ್ರಂಕಿನಾಗ ಇಡ್ರಿ.

ಹಾಲುಗೆನ್ನೆ:
ಕವರ್ ಕಡ್ಡಾಯವಲ್ಲ. ನಿಮಗೆ ಹಿತ ಅನಿಸಿದರೆ ಬಳಸಿ, ಸುತ್ತ ಕೂತವರಿಗೆ ಇರಿಸುಮುರುಸು ಅಂತ ಬೇಡ. ಈ ಸೆಕೆಯಲ್ಲಿ ಪಾಲಿಯೆಸ್ಟರ್ ಕವರಿನೊಳಗೆ ಮಗು ಬೆವತು, ಕುಡಿಯುವುದು ಬಿಟ್ಟು ಕಾಲು ಝಾಡಿಸಿ ಅಳುತ್ತದೆ. ಜನ ತಿರುಗಿ ನೋಡುವುದು ಆಗಲೇ. ಬಳಸುವುದಾದರೆ 1 ಮೀಟರ್ ಚೌಕದ ಮಲ್ ಬಟ್ಟೆ, ನಿಮ್ಮ ಹೆಗಲ ಮೇಲಿಂದ ಇಳಿಬಿಟ್ಟು, ಮಗುವಿನ ಮುಖ ನಿಮಗೆ ಕಾಣುವಷ್ಟು ತೆರವಿರಲಿ. ಜರಿ ಅಂಚಿನ ಸೆರಗಾದರೆ ಅದೇ ಬಟ್ಟೆಯನ್ನು ಮಗುವಿನ ಕೆನ್ನೆಗೂ ಜರಿಗೂ ನಡುವೆ ಇಡಿ.

ಇನ್ನೊಂದು, ಮದುವೆಮನೆಯಲ್ಲಿ ತಪ್ಪದೆ ಬರುವ ಸಲಹೆ: "ಇಷ್ಟು ಸೆಕೆ, ಎರಡು ಚಮಚ ನೀರು ಹಾಕಿ." ಬೇಡ. 6 ತಿಂಗಳವರೆಗೆ ಎದೆಹಾಲು ಮಾತ್ರ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತು ಬೇಸಿಗೆಗೂ ಅನ್ವಯಿಸುತ್ತದೆ. ಎದೆಹಾಲಿನಲ್ಲಿ ಸುಮಾರು 88% ನೀರೇ. ನೀರು ಕುಡಿಸಿದರೆ ಹೊಟ್ಟೆ ತುಂಬಿ ಹಾಲು ಕಡಿಮೆ ಕುಡಿಯುತ್ತದೆ, ಜೊತೆಗೆ ಭೇದಿಯ ಭಯ. ಮಗು ಸೆಕೆಯಲ್ಲಿ ಪದೇಪದೇ, ಸ್ವಲ್ಪಸ್ವಲ್ಪ ಕೇಳುತ್ತದೆ, ಕೊಡುತ್ತಿರಿ. ದಿನಕ್ಕೆ ಕನಿಷ್ಠ 6 ಸಲ ಚೆನ್ನಾಗಿ ಉಚ್ಚೆ ಹೊಯ್ದರೆ ಸಾಕಾಗುತ್ತಿದೆ ಎಂದೇ ಅರ್ಥ. ಉಚ್ಚೆ ಕಡಿಮೆಯಾಗಿ ಗಾಢ ಹಳದಿಯಾದರೆ, ಮಗು ಮಂಕಾಗಿ ಹಾಲು ಬಿಟ್ಟರೆ ಕಾಯದೆ ಡಾಕ್ಟರ ಹತ್ತಿರ ಹೋಗಿ. ನೀರು ಬೇಕಾಗಿರುವುದು ನಿಮಗೆ: ಮಜ್ಜಿಗೆ, ಪಾನಕ, ನಿಂಬೆ ಶರಬತ್ತು, ಹಾಲು ಕೊಡುವಾಗೆಲ್ಲ ಪಕ್ಕದಲ್ಲೊಂದು ಲೋಟ.

ರೈಲಿನಲ್ಲಿ ಕೆಳಬರ್ತ್ ಹಿಡಿಯಿರಿ. ಮಲಗಿ ಕೊಡುವಾಗ ಮಗು ಗೋಡೆ ಕಡೆಗಿರಲಿ, ನಿದ್ದೆ ಎಳೆಯುತ್ತಿದ್ದರೆ ಜೊತೆಗಿರುವವರಿಗೆ ಹೇಳಿ. ಬಸ್ ನಿಲ್ದಾಣದ ಹಾಲುಣಿಸುವ ಕೊಠಡಿಗೆ ಬೀಗ ಇದ್ದರೆ ಸಂಚಾರ ನಿಯಂತ್ರಕರ ಹತ್ತಿರ ಕೀಲಿ ಕೇಳಿ. ಕೊಠಡಿ ಇದೆ ಅಂತ ಅಲ್ಲಿಗೇ ಹೋಗಬೇಕೆಂಬ ನಿಯಮ ಎಲ್ಲೂ ಇಲ್ಲ, ಬೆಂಚಿನ ಮೇಲೆ ಗಾಳಿ ಚೆನ್ನಾಗಿದ್ದರೆ ಅಲ್ಲೇ ಕೂರಿ. ಹಾಲೂಡಿಸುವುದು ಸಂವಿಧಾನದ 21ನೇ ವಿಧಿಯಡಿ ಬರುವ ತಾಯಿಯ ಹಕ್ಕು ಎಂದು 2021ರಲ್ಲಿ ನಮ್ಮ ಹೈಕೋರ್ಟೇ ಹೇಳಿದೆ. ಯಾರಾದರೂ "ಒಳಗೆ ಹೋಗಮ್ಮ" ಅಂದರೆ ವಾದಕ್ಕಿಳಿಯದೆ, "ಕೂಸು ಕುಡೀತಿದೆ, ಆಮೇಲೆ ಮಾತಾಡೋಣ" ಅನ್ನಿ. ಏಳಬೇಡಿ.

ಅಪ್ಪಯ್ಯನ ಜುಬ್ಬಾ:
ಜೊತೆಗೆ ಬರುವ ಅಪ್ಪನಿಗೂ ನಾಲ್ಕು ಮಾತು. ಮೆತ್ತನೆ ಕಾಟನ್ ಜುಬ್ಬಾ ಹಾಕಿ. ಎದೆ ಮೇಲೆ ಕಸೂತಿ, ಲೋಹದ ಗುಂಡಿ, ಜೇಬಲ್ಲಿ ಪೆನ್ನು ಇರಬಾರದು, ಮಗುವನ್ನು ತೇಗಿಸುವುದು ಆ ಹೆಗಲ ಮೇಲೇ. ತಿಳಿಬಣ್ಣದ ಕಾಟನ್ ಪಂಚೆ ಒಂದು ಹೆಚ್ಚಿಗೆ ಇರಲಿ: ಹಾಸಿಗೆ, ಕಿಟಕಿ ಪರದೆ, ಟವೆಲು ಎಲ್ಲಕ್ಕೂ ಆಗುತ್ತದೆ. ಬಸ್ಸಿನಲ್ಲಿ ಬಿಸಿಲು ಬೀಳದ ಕಡೆ ಸೀಟು ಹಿಡಿಯುವ ಕೆಲಸ ನಿಮ್ಮದು. ಮಗುವನ್ನು ಕ್ಯಾರಿಯರ್‌ನಲ್ಲಿ ಎತ್ತಿಕೊಂಡರೆ ಗಲ್ಲ ಎದೆಗೆ ಒತ್ತಿರಬಾರದು, ಮುಖ ಸದಾ ಕಾಣುತ್ತಿರಬೇಕು. ತಳ್ಳುಗಾಡಿ ತಂದರೆ ಅದರ ಮೇಲೆ ಬಟ್ಟೆ ಹೊದಿಸಬೇಡಿ. ಗಾಳಿ ನಿಂತು ಒಳಗೆ ಕಾವು ಏರುತ್ತದೆ.

ಬೇವಿನಕಟ್ಟೆ:
ಎಲ್ಲರಿಗೂ ಥ್ಯಾಂಕ್ಸ್. ಧಾರೆಗೆ ರೇಷ್ಮೆ ಸೀರೆಯೇ ಆಗಬೇಕು ಅಂತ ಅತ್ತೆಯ ಆಸೆ. ಹಾಲು ಸೋರಿದರೆ?

ಸೂಜಿಮನೆ:
ಬ್ರಾ ಒಳಗೆ ಇಡಲು ಹಳೇ ಕಾಟನ್ ಪಂಚೆಯಿಂದ 4.5 ಇಂಚು ಅಗಲದ ಗುಂಡು ಬಿಲ್ಲೆ ಕತ್ತರಿಸಿ, 5-6 ಪದರ ಸೇರಿಸಿ ಅಂಚು ಹೊಲಿಯಿರಿ. ದಿನಕ್ಕೆ 4 ಜೊತೆ ಬೇಕು. ಹಿಂದೆ ಪ್ಲಾಸ್ಟಿಕ್ ಪದರ ಇರುವ ಪ್ಯಾಡ್ ಈ ಸೆಕೆಗೆ ಬೇಡ, ಒದ್ದೆ ನಿಂತು ತುರಿಕೆ ಶುರುವಾಗುತ್ತದೆ. ಅಷ್ಟಾಗಿಯೂ ಸೀರೆಗೆ ತಾಗಿದರೆ ಒಣ ಕಾಟನ್ ಬಟ್ಟೆಯಿಂದ ಒತ್ತಿ ಹೀರಿಸಿ, ಉಜ್ಜಬೇಡಿ. ಆಮೇಲೆ ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೆಲ್ಲಗೆ ಒತ್ತಿ. ಬಿಸಿನೀರು, ಇಸ್ತ್ರಿ ಎರಡೂ ಹಾಲಿನ ಕಲೆಯನ್ನು ಗಟ್ಟಿ ಕೂರಿಸುತ್ತವೆ. ಬಣ್ಣ ಬಿಡುತ್ತದಾ ಅಂತ ಮೊದಲೇ ಒಳಸುತ್ತಿನ ಮೂಲೆಯಲ್ಲಿ ಒಂದು ಹನಿ ಹಾಕಿ ನೋಡಿಟ್ಟುಕೊಳ್ಳಿ, ಊರಿಂದ ಬಂದಮೇಲೆ ಡ್ರೈಕ್ಲೀನಿಂಗ್‌ಗೆ ಕೊಡುವಾಗ ಹಾಲಿನ ಕಲೆ ಅಂತ ಹೇಳಿ ಕೊಡಿ.