‘ಕಟಿಂಗ್ ಎರರ್’ ಆದ ನೋಟಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಮ್ಮ ಭಾವನಿಗೆ ನೋಟು ಕೂಡಿಡುವ ಹುಚ್ಚು. ಅದರಲ್ಲೂ ಅಚ್ಚಾಗುವಾಗಲೋ ಕತ್ತರಿಸುವಾಗಲೋ ಎಡವಟ್ಟಾದ ನೋಟು ಅಂದರೆ ಪ್ರಾಣ. ಮುಂದಿನ ತಿಂಗಳು ಅದನ್ನೆಲ್ಲ ಶಾಲೆ ಮಕ್ಕಳಿಗೆ ತೋರಿಸುತ್ತಾರಂತೆ. ಪ್ರತಿ ನೋಟಿನ ಕೆಳಗೆ ಕನ್ನಡದಲ್ಲಿ ಒಂದು ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೊದಲ ಚೀಟಿಗೇ ಸಿಕ್ಕಿಹಾಕಿಕೊಂಡೆ.

‘ಕತ್ತರಿಸುವಿಕೆಯ ದೋಷ’ ಅಂತ ಬರೆದೆ. ಭಾವ ಓದಿ, “ಏನಯ್ಯಾ, ನೋಟಿಗೂ ಜಾತಕ ಬರೀತಿದ್ದೀಯಾ?” ಅಂದರು. ಸರಿ, ‘ಕಟಿಂಗ್ ತಪ್ಪು’ ಅನ್ನೋಣ ಅಂದರೆ ನಮ್ಮೂರಲ್ಲಿ ಕಟಿಂಗ್ ಅಂದರೆ ತಲೆಗೂದಲು. ‘ಹರಕು ನೋಟು’ ಅನ್ನುವಂತಿಲ್ಲ, ಇವು ಹರಿದಿಲ್ಲ, ಗರಿಗರಿಯಾಗಿವೆ. ‘ಖೋಟಾ’ ಅಂತೂ ಅಲ್ಲವೇ ಅಲ್ಲ.

ಆಮೇಲೆ ನೋಟುಗಳನ್ನು ಒಂದೊಂದಾಗಿ ನೋಡುತ್ತಾ ಹೋದಾಗ ಬೇರೆಯೇ ಅನುಮಾನ ಬಂತು. ಇಂಗ್ಲಿಷಿನವರು ಒಂದೇ ಹೆಸರಿನಡಿ ತುಂಬಿರುವುದು ಬೇರೆ ಬೇರೆ ಸಂಗತಿಗಳನ್ನು. ಅವುಗಳ ಬೆಲೆಯೂ ಬೇರೆ. ಹಾಗಾದರೆ ನಮಗೆ ಬೇಕಾಗಿರುವುದು ಒಂದು ಪದವೋ, ಮೂರ್ನಾಲ್ಕೋ?

ಭಾವನ ಬಳಿ ಹಂಪಿ ಕಲ್ಲಿನ ರಥದ ಐವತ್ತು ರೂಪಾಯಿ ನೋಟು ಒಂದಿದೆ. ಅದರ ಎಡಗಡೆ ಚಿತ್ರವೇ ಕತ್ತರಿಸಿ ಹೋಗಿದೆ. ಬಲಗಡೆ ಪಕ್ಕದ ನೋಟಿನ ಒಂದು ಪಟ್ಟಿ ಬಂದು ಕೂತಿದೆ. ನೋಟುಗಳು ಒಂದೊಂದೇ ಅಚ್ಚಾಗುವುದಿಲ್ಲ, ದೊಡ್ಡ ಶೀಟಿನಲ್ಲಿ ಸಾಲಾಗಿ ಅಚ್ಚಾಗುತ್ತವೆ. ಕೊನೆಯಲ್ಲಿ ನಂಬರ್ ಬೀಳುತ್ತದೆ, ಆಮೇಲೆ ಶೀಟುಗಳನ್ನು ಒಂದರ ಮೇಲೊಂದು ಪೇರಿಸಿ ಕತ್ತರಿಸುತ್ತಾರೆ. ಪೇರಿಕೆ ಸ್ವಲ್ಪ ಸರಿದಿದ್ದರೆ ಅಲಗು ಗೆರೆ ಬಿಟ್ಟು ಬೀಳುತ್ತದೆ. ಒಬ್ಬನ ಹೊಲ ಇನ್ನೊಬ್ಬನ ಹೊಲಕ್ಕೆ ನುಗ್ಗಿದ ಹಾಗೆ. ಇದಕ್ಕೆ ನನಗೆ ತೋಚಿದ ಪದ ‘ಒತ್ತುವರಿ ನೋಟು’. ತಮಾಷೆಗೆ ಅಂದಿದ್ದು, ಆದರೆ ಈಗ ಮನೆಯಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದಾರೆ. ಒಳಗಿನ ಕೆಲಸವೂ ಆ ಪದದಲ್ಲಿ ಕಾಣುತ್ತದೆ ಅಲ್ವಾ? ಒಂದು ಕಡೆ ಕಳೆದುಕೊಂಡಷ್ಟನ್ನೇ ಇನ್ನೊಂದು ಕಡೆ ಪಡೆದಿರುತ್ತದೆ. ಒಟ್ಟು ಅಳತೆ ಬದಲಾಗುವುದಿಲ್ಲ.

ಈ ಅಳತೆಯೇ ಅಸಲಿ ಪರೀಕ್ಷೆ. ಈ ಐವತ್ತರ ನೋಟಿನ ಉದ್ದ 135 ಮಿಲಿಮೀಟರ್, ಅಗಲ 66. ಅದೇ ಸರಣಿಯ ಹತ್ತರ ನೋಟು 123ಕ್ಕೆ 63. ಯಾರೋ ಕತ್ತರಿ ಹಿಡಿದು ಅಂಚು ಸವರಿ ‘ನೋಡಿ, ಪ್ರೆಸ್ಸಿನ ತಪ್ಪು’ ಅಂತ ಮಾರಲು ಬಂದರೆ ಸ್ಕೇಲ್ ಇಡಿ, ಗಿಡ್ಡ ಬರುತ್ತದೆ. ನೋಟನ್ನು ಸವರಬಹುದು, ಬೆಳೆಸೋಕಾಗಲ್ಲ. ಇಂಥದ್ದಕ್ಕೆ ನಾನು ‘ಸವರಿದ ನೋಟು’ ಅಂತ ಬರೆದಿದ್ದೇನೆ. ಸಂಗ್ರಾಹಕರು ಇದಕ್ಕೆ ಹೆಚ್ಚಿನ ಬೆಲೆ ಕೊಡುವುದಿಲ್ಲ.

ಆದರೆ ಅಮೆರಿಕದ ಡಾಲರಿನ ಕತೆ ಬೇರೆ. ಅಲ್ಲಿ ಸರ್ಕಾರವೇ ಕತ್ತರಿಸದ ಶೀಟುಗಳನ್ನು ಮಾರುತ್ತಾ ಬಂದಿದೆ. ಅದನ್ನು ಕೊಂಡು ಮನೆಯಲ್ಲೇ ಬೇಕಾದ ಹಾಗೆ ‘ಒತ್ತುವರಿ’ ಮಾಡಿಕೊಳ್ಳಬಹುದು! ಅಲ್ಲಿ ಸ್ಕೇಲ್ ಸಾಲದು, ಆ ನಂಬರು ಮಾರಾಟದ ಶೀಟಿಗೆ ಸೇರಿದ್ದೋ ಎಂದು ನೋಡಬೇಕು.

ಇನ್ನೊಂದು ಬಗೆ ಇದೆ, ನನಗೆ ಅದೇ ಜಾಸ್ತಿ ಇಷ್ಟ. ಕತ್ತರಿಸುವ ಹೊತ್ತಿಗೆ ಶೀಟಿನ ಮೂಲೆ ಒಳಕ್ಕೆ ಮಡಚಿಕೊಂಡಿರುತ್ತದೆ. ಅಲಗು ಅದನ್ನು ಮುಟ್ಟುವುದೇ ಇಲ್ಲ. ಆಮೇಲೆ ಮಡಿಕೆ ಬಿಡಿಸಿದರೆ ನೋಟಿನ ಮೂಲೆಯಿಂದ ಒಂದು ತುಂಡು ಕಾಗದ ಹೊರಗೆ ಚಾಚಿಕೊಳ್ಳುತ್ತದೆ. ಸಂಗ್ರಾಹಕರು ಇದನ್ನು ‘ಬಟರ್‌ಫ್ಲೈ’ ಅನ್ನುತ್ತಾರೆ. ‘ಚಿಟ್ಟೆ ನೋಟು’ ಅಂತ ನೇರ ತರ್ಜುಮೆ ಮಾಡಬಹುದು. ನನಗೆ ಮಾತ್ರ ಅದು ಪುಸ್ತಕದ ಹಾಳೆಯ ಮಡಚಿದ ಕಿವಿಯ ಹಾಗೆ ಕಾಣುತ್ತದೆ. ‘ಕಿವಿ ನೋಟು’ ಅಂದರೆ ಹೇಗೆ?

ಕಿವಿ ಯಾವಾಗ ಮಡಚಿತು ಅನ್ನುವುದನ್ನೂ ನೋಟೇ ಹೇಳುತ್ತದೆ. ಅಚ್ಚಾದ ಮೇಲೆ ಮಡಚಿದ್ದರೆ ಚಿತ್ರ ಪೂರ್ತಿ ಇರುತ್ತದೆ. ಕಿವಿಯ ಮೇಲೆ ಶೀಟಿನ ಬಿಳಿ ಅಂಚು ಉಳಿದಿರುತ್ತದೆ, ಕೆಲವು ಸಲ ಅಲ್ಲಿನ ಬಣ್ಣದ ಗುರುತುಗಳೂ ಸಿಗುತ್ತವೆ. ಅಚ್ಚಿಗೆ ಮೊದಲೇ ಮಡಚಿದ್ದರೆ ಬಿಡಿಸಿದಾಗ ಒಂದು ಕಡೆ ಖಾಲಿ. ಮುಂಬದಿಯ ಚಿತ್ರದ ಚೂರು ಕಿವಿಯ ಹಿಂಬದಿಗೆ ಬಿದ್ದಿರುತ್ತದೆ. ಎರಡಕ್ಕೂ ಒಂದೇ ಪದ ಸಾಕೋ ಬೇಡವೋ, ನೀವೇ ಹೇಳಿ. ಭಾವನ ಪ್ರಕಾರ ಸಾಲದು. ಮೊದಲನೆಯದು ಬರೀ ಕತ್ತರಿಸುವಾಗಿನ ತಪ್ಪು. ಎರಡನೆಯದರಲ್ಲಿ ಅಚ್ಚಿನ ತಪ್ಪೂ ಸೇರಿಕೊಂಡಿದೆ.

ಮೂಲೆ ಬಿಟ್ಟು ನಡುವೆ ಕಾಗದ ಸುಕ್ಕಿ ಅದರ ಮೇಲೆ ಅಚ್ಚು ಬಿದ್ದಿದ್ದರೆ, ಎಳೆದಾಗ ಒಂದು ಬಿಳಿ ಗೆರೆ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ಪದ ಹುಡುಕುವ ಕಷ್ಟವೇ ಆಗಲಿಲ್ಲ. ನಮ್ಮಕ್ಕ ನೋಡಿದ ಕೂಡಲೇ “ಇದು ನಿರಿಗೆ” ಅಂದಳು.

ಬೆಲೆಯ ಮಾತಿಗೆ ಬಂದರೆ, ನನಗೆ ತಲೆ ತಿರುಗಿದ್ದು ಇಲ್ಲೇ. ದನದ ಜಾತ್ರೆಯಲ್ಲಿ ಐಬು ಕಂಡರೆ ಬೆಲೆ ಇಳಿಯುತ್ತದೆ. ಇಲ್ಲಿ ಐಬು ದೊಡ್ಡದಾದಷ್ಟೂ ಏರುತ್ತದೆ. ಅಂಚು ಒಂದೆರಡು ಮಿಲಿಮೀಟರ್ ಆಚೀಚೆ ಆಗಿದ್ದರೆ ಯಾರೂ ಕೇಳುವುದಿಲ್ಲ, ಅಂಥವು ನಮ್ಮ ನಿಮ್ಮ ಜೇಬಲ್ಲೇ ಇರುತ್ತವೆ. ಪಕ್ಕದ ನೋಟಿನ ಚಿತ್ರ ಎಷ್ಟು ಬಂದಿದೆ, ಅದರ ನಂಬರೂ ಕಾಣುತ್ತದಾ, ನೋಟು ಕೈಬದಲಾಗದೆ ಗರಿಗರಿಯಾಗಿದೆಯಾ, ಇವನ್ನೆಲ್ಲ ನೋಡುತ್ತಾರೆ. ಎರಡು ನಂಬರ್ ಕಂಡರೆ ಅವು ಸಾಮಾನ್ಯವಾಗಿ ಒಂದರ ಹಿಂದೊಂದು ಬರುವ ನಂಬರುಗಳಾಗಿರುವುದಿಲ್ಲ. ಯಾಕೆಂದರೆ ಪೇರಿಕೆಯಲ್ಲಿ ಮೇಲಿನಿಂದ ಕೆಳಕ್ಕೆ ನಂಬರ್ ಸಾಗುತ್ತದೆ, ಪಕ್ಕಕ್ಕಲ್ಲ. ಕತ್ತರಿಸಿದ ಮೇಲೆ ಕಂತೆಯೊಳಗೆ ನಂಬರುಗಳು ಸಾಲಾಗಿ ಬರುವುದೂ ಹಾಗೇ.

ಇದರಿಂದಲೇ ಇನ್ನೊಂದು ಲೆಕ್ಕ. ಪೇರಿಕೆ ಪೂರ್ತಿ ಸರಿದಿದ್ದರೆ ಒತ್ತುವರಿ ನೋಟು ಒಂದೇ ಆಗಿರುವುದಿಲ್ಲ, ಅದೇ ತಪ್ಪಿನ ಅಣ್ಣತಮ್ಮಂದಿರು ಕಂತೆ ತುಂಬ ಇರಬಹುದು. ಕಿವಿ ಮಡಚುವುದು ಒಂದು ಶೀಟಿನ ಪಾಡು, ಅದು ಒಂಟಿ. ಇಷ್ಟಾಗಿಯೂ ಇವೆಲ್ಲ ಅಪರೂಪ, ಪ್ರೆಸ್ಸಿನಲ್ಲೇ ಹೆಚ್ಚಿನವು ಸಿಕ್ಕಿಬೀಳುತ್ತವೆ. ಕೆಟ್ಟ ನೋಟಿನ ಬದಲು ಕಂತೆಗೆ ಸೇರಿಸಲೆಂದೇ 2006ರಿಂದ ನಂಬರಿನ ನಡುವೆ ನಕ್ಷತ್ರ ಇರುವ ನೋಟು ಬಂತು. ಅದನ್ನು ಎಲ್ಲರೂ ‘ಸ್ಟಾರ್ ನೋಟು’ ಅನ್ನುತ್ತಾರೆ. ಅಲ್ಲಿ ಕನ್ನಡ ಪದ ಸೋತಿತು, ಬಿಡಿ.

ಹಾಗಂತ ಮನೆಯಲ್ಲಿ ಒಂದು ಸೊಟ್ಟ ನೋಟು ಸಿಕ್ಕರೆ ಲಕ್ಷ ಬರುತ್ತದೆ ಅನ್ನುವ ಜಾಹೀರಾತು ನಂಬಬೇಡಿ. ತನ್ನ ಹೆಸರು ಬಳಸಿ ಹಳೆ ನೋಟು, ನಾಣ್ಯದ ವ್ಯಾಪಾರದಲ್ಲಿ ಮೋಸ ಮಾಡುತ್ತಿದ್ದಾರೆ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು.

ಈಗ ನನ್ನ ಪ್ರಶ್ನೆಗಳು. ಒಟ್ಟು ಗುಂಪಿಗೆ ‘ಐಬಿನ ನೋಟು’ ಅನ್ನಬಹುದೇ? ಅಥವಾ ‘ಐಬು’ ಅಂದರೆ ನಿಮ್ಮ ಕಡೆ ಬೈಗುಳದ ಹಾಗೆ ಕೇಳುತ್ತದಾ? ‘ಮುಖಬೆಲೆ’ ಅನ್ನುವ ಚಂದದ ಪದ ನಮ್ಮಲ್ಲಿದೆ. ಸಂಗ್ರಾಹಕ ಆಸೆಪಟ್ಟು ಕೊಡುವ ಬೆಲೆಗೆ ಅದಕ್ಕೆ ಜೋಡಿಯಾಗಿ ‘ಮೋಹಬೆಲೆ’ ಅಂತ ಬರೆದರೆ ತೀರಾ ಅತಿಯಾಯಿತಾ? ಮುಖ್ಯವಾಗಿ, ನಿಮ್ಮೂರಿನ ಬೈಂಡಿಂಗ್ ಅಂಗಡಿಯಲ್ಲಿ ಶೀಟು ಸರಿದು ಕಟ್ ಆದರೆ ಕೆಲಸಗಾರರು ಏನಂತ ಬೈದುಕೊಳ್ಳುತ್ತಾರೆ? ಅದು ಗೊತ್ತಾದರೆ ‘ಒತ್ತುವರಿ’ಯನ್ನು ತೆರವು ಮಾಡಲು ನಾನು ತಯಾರಿದ್ದೇನೆ.