ರಾಜ್ಯಗಳು ಕೊಡುವುದಕ್ಕೂ 'ಅನುಮೋದನೆ' ಎನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಸಂವಿಧಾನ ತಿದ್ದುಪಡಿಯ ಸುದ್ದಿ ಓದುವಾಗ 'ಅನುಮೋದನೆ' ಎಂಬ ಒಂದೇ ಪದವನ್ನು ಮೂರು ಕಡೆ ನೋಡುತ್ತೇನೆ: ಸಂಸತ್ತಿನ ಅನುಮೋದನೆ, ರಾಜ್ಯಗಳ ಅನುಮೋದನೆ, ರಾಷ್ಟ್ರಪತಿಯ ಅನುಮೋದನೆ. ತಿದ್ದುಪಡಿ ಹೇಗೆ ಮಾಡಬೇಕೆಂದು ಹೇಳುವ 368ನೇ ವಿಧಿಯಲ್ಲಿ ಇವು ಮೂರೂ ಬೇರೆ ಬೇರೆ. ಕನ್ನಡದಲ್ಲೂ ಬೇರೆಯಾಗಿಯೇ ಕಾಣಬೇಕು ಎಂಬುದು ನನ್ನ ಆಸೆ.

ಸದನಗಳದ್ದು 'ಅಂಗೀಕಾರ', ಅದರಲ್ಲಿ ತಕರಾರಿಲ್ಲ. ಆದರೆ 'ಮೂರನೇ ಎರಡರಷ್ಟು ಬಹುಮತ' ಎಂದು ಬರೆದು ಬಿಟ್ಟರೆ ಅರ್ಧ ಮಾತು ಉಳಿದುಹೋಗುತ್ತದೆ. ಸದನದ ಒಟ್ಟು ಸದಸ್ಯಬಲದಲ್ಲೂ ಬಹುಮತ ಬೇಕು. 543 ಸ್ಥಾನಗಳ ಲೋಕಸಭೆಯಲ್ಲಿ 390 ಮಂದಿ ಮತ ಹಾಕಿ 260 ಮಂದಿ ಪರವಾಗಿದ್ದರೆ ಮೂರನೇ ಎರಡೇನೋ ಆಯಿತು. ಮಸೂದೆ ಮಾತ್ರ ಬೀಳುತ್ತದೆ. 272 ಆಗಲೇಬೇಕು.

ರಾಷ್ಟ್ರಪತಿಯದ್ದು 'ಅಂಕಿತ'. 1971ರ 24ನೇ ತಿದ್ದುಪಡಿಯಾದ ಮೇಲೆ ಇಂಥ ಮಸೂದೆಗೆ ಅವರು ಅಂಕಿತ ಹಾಕಲೇಬೇಕು. ಅನುಮೋದನೆ ಎಂದರೆ ಬೇಡವೆನ್ನಲೂ ಅವಕಾಶ ಇದ್ದಂತೆ ಕೇಳಿಸುತ್ತದೆ.

ತೊಡಕಿರುವುದು ನಡುವಿನ ಹಂತಕ್ಕೆ. ಕೇಂದ್ರಕ್ಕೂ ರಾಜ್ಯಗಳಿಗೂ ವಿಷಯಗಳನ್ನು ಹಂಚಿಕೊಡುವ ಏಳನೇ ಅನುಸೂಚಿಯ ಪಟ್ಟಿಗಳು, ಹೈಕೋರ್ಟುಗಳು, ರಾಷ್ಟ್ರಪತಿ ಚುನಾವಣೆ ಮುಂತಾದವನ್ನು ಮುಟ್ಟುವ ತಿದ್ದುಪಡಿಯಾದರೆ, ಮಸೂದೆ ಅಂಕಿತಕ್ಕೆ ಹೋಗುವ ಮೊದಲು ಕನಿಷ್ಠ ಅರ್ಧದಷ್ಟು ರಾಜ್ಯಗಳ ವಿಧಾನಮಂಡಲಗಳು ನಿರ್ಣಯ ಮಾಡಿ ಒಪ್ಪಬೇಕು. 2016ರ ಜಿಎಸ್‌ಟಿ ತಿದ್ದುಪಡಿ ಹೀಗೆ ರಾಜ್ಯಗಳಿಗೆ ಹೋಗಿ ಬಂತು. 2011ರ 97ನೇ ತಿದ್ದುಪಡಿ ಹೋಗಲಿಲ್ಲ. ಅದು ಸಹಕಾರ ಸಂಘ ಕಟ್ಟುವುದನ್ನು 19ನೇ ವಿಧಿಯ ಹಕ್ಕುಗಳಲ್ಲಿ ಸೇರಿಸಿತು. ಜೊತೆಗೆ ಸಂಘಗಳ ಆಡಳಿತ ಹೇಗಿರಬೇಕೆಂದು ಹೊಸದೊಂದು ಭಾಗವನ್ನೇ ಬರೆಯಿತು. ಸಹಕಾರ ಸಂಘ ರಾಜ್ಯಪಟ್ಟಿಯ ವಿಷಯ. ರಾಜ್ಯಗಳನ್ನು ಕೇಳಲಿಲ್ಲವೆಂಬ ಕಾರಣಕ್ಕೇ 2021ರಲ್ಲಿ ಸುಪ್ರೀಂ ಕೋರ್ಟು ಆ ಭಾಗ ರಾಜ್ಯದೊಳಗಿನ ಸಂಘಗಳಿಗೆ ಅನ್ವಯಿಸದು ಎಂದಿತು. ಸಂಘ ಕಟ್ಟುವ ಹಕ್ಕು ಉಳಿಯಿತು, ಏಕೆಂದರೆ ಮೂಲಭೂತ ಹಕ್ಕುಗಳ ಭಾಗ ರಾಜ್ಯಗಳ ಒಪ್ಪಿಗೆ ಬೇಕಾದವುಗಳ ಪಟ್ಟಿಯಲ್ಲೇ ಇಲ್ಲ. ಹಕ್ಕನ್ನು ಸೇರಿಸುವಾಗಲೂ ಮೊಟಕು ಮಾಡುವಾಗಲೂ ರಾಜ್ಯಗಳನ್ನು ಕೇಳಬೇಕಾಗಿಲ್ಲ. ಇದು ಎಷ್ಟು ಜನಕ್ಕೆ ಗೊತ್ತು? ಅಲ್ಲಿ ತಡೆಯಾಗಿ ನಿಂತಿರುವುದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಹೂಡಿದ ದಾವೆಯಲ್ಲಿ, 1973ರಲ್ಲಿ, 13 ನ್ಯಾಯಮೂರ್ತಿಗಳ ಪೀಠ 7–6ರಿಂದ ಹೇಳಿದ ಮಾತು: ಸಂವಿಧಾನದ ಮೂಲರಚನೆಯನ್ನು ಯಾವ ತಿದ್ದುಪಡಿಯೂ ಕೆಡಿಸಕೂಡದು.

ಈಗ ಪದಕ್ಕೆ ಬರುತ್ತೇನೆ. 'ಅನುಸಮರ್ಥನೆ' ಎಂದು ಬರೆಯುವವರಿದ್ದಾರೆ. ಅರ್ಥ ನಿಖರ, ಆದರೆ ನಾಲಿಗೆಗೆ ಒಗ್ಗದು. 'ಸಮರ್ಥನೆ' ಎಂದರೆ ನಮಗೆ ಪರ ವಾದಿಸುವುದು. 'ದೃಢೀಕರಣ' ಸಂಘಗಳ ಮಹಾಸಭೆಯಲ್ಲಿ ಚೆನ್ನಾಗಿ ರೂಢಿಯಲ್ಲಿದೆ: ಹಿಂದಿನ ಸಭೆಯ ನಡವಳಿಯನ್ನು ಓದಿ ದೃಢೀಕರಿಸುವುದು. ಆದರೆ ದೃಢೀಕೃತ ಪ್ರತಿ, ದೃಢೀಕರಣ ಪತ್ರ ಎಂದು ಕಚೇರಿಗಳಲ್ಲಿ ಬಳಸಿ ಬಳಸಿ ಅದು 'ಸರಿಯೆಂದು ಸಹಿ ಹಾಕುವುದು' ಆಗಿದೆ. ವಿಧಾನಮಂಡಲ ಇಲ್ಲ ಎನ್ನಬಹುದು. ಆ ಬಲ ಈ ಪದದಲ್ಲಿ ಕಾಣದು. ಸದ್ಯಕ್ಕೆ ನಾನು 'ರಾಜ್ಯಗಳ ಸಮ್ಮತಿ' ಎಂದು ಬರೆಯುತ್ತಿದ್ದೇನೆ. ಆದರೆ ಅಂಕಿತಕ್ಕೂ ಸಮ್ಮತಿ ಎನ್ನುವವರಿರುವುದರಿಂದ ಪೂರ್ತಿ ಸಮಾಧಾನವಿಲ್ಲ.

ವಿಧಾನಸಭೆಯ ವರದಿಗಾರಿಕೆ ಅಥವಾ ಭಾಷಾಂತರದ ಕೆಲಸ ಮಾಡಿದವರು ಬಳಗದಲ್ಲಿದ್ದರೆ ದಯವಿಟ್ಟು ತಿಳಿಸಿ: ಇಂಥ ನಿರ್ಣಯ ಸದನದ ಮುಂದೆ ಬಂದಾಗ ಕನ್ನಡ ನಡವಳಿಯಲ್ಲಿ ಯಾವ ಕ್ರಿಯಾಪದ ಬರೆಯುತ್ತಾರೆ?