ಆನ್‌ಲೈನ್ ಕಲಿಕೆಯ ಸಂಶೋಧನೆ: ಫಾರ್ಮ್ ಜೊತೆ ಹತ್ತು ಸಂದರ್ಶನ ಸೇರಿಸಿದರೆ ಸಾಕಾ?

ಪ್ರಶ್ನೆ: ನಮಸ್ಕಾರ ಮೇಡಂ. ಶಿಕ್ಷಣ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಬಾಗಲಕೋಟೆ ಕಡೆಯ ಪದವಿ ವಿದ್ಯಾರ್ಥಿಗಳು ಆನ್‌ಲೈನ್ ಕೋರ್ಸ್‌ಗೆ ಸೇರಿ ಅರ್ಧಕ್ಕೇ ಯಾಕೆ ಬಿಡುತ್ತಾರೆ ಅನ್ನೋದು ನನ್ನ ವಿಷಯ. ಗೂಗಲ್ ಫಾರ್ಮ್‌ನಲ್ಲಿ 214 ಜನ ಉತ್ತರ ಕೊಟ್ಟಿದ್ದಾರೆ. ಮಿಕ್ಸೆಡ್ ಮೆಥಡ್ ಮಾಡಿ, ಅಂದರೆ ಅಂಕಿ ಮತ್ತು ಮಾತು ಎರಡನ್ನೂ ಬೆರೆಸಿ ಅಧ್ಯಯನ ಮಾಡಿ ಅಂತ ಗೈಡ್ ಹೇಳಿದ್ದಾರೆ. ಇದರ ಜೊತೆಗೆ ಹತ್ತು ಜನರ ಸಂದರ್ಶನ ಸೇರಿಸಿದರೆ ಸಾಕಾ?

ಉತ್ತರ: ನಮಸ್ಕಾರ. ಸುಮ್ನೆ ಸೇರಿಸಿದರೆ ಸಾಕಾಗುವುದಿಲ್ಲ. ನಾಲ್ಕನೇ ಅಧ್ಯಾಯದಲ್ಲಿ ಕೋಷ್ಟಕ, ಐದನೇ ಅಧ್ಯಾಯದಲ್ಲಿ ಸಂದರ್ಶನ, ಎರಡಕ್ಕೂ ಸಂಬಂಧವೇ ಇಲ್ಲ. ಇಂಥ ಪ್ರಬಂಧಗಳೇ ನನ್ನ ಕೈಗೆ ಜಾಸ್ತಿ ಬರುತ್ತವೆ. ಅದು ಒಂದೇ ಬೈಂಡಿನಲ್ಲಿ ಎರಡು ಸಂಶೋಧನೆ ಆಯಿತು, ಅಷ್ಟೆ.

ನಿಮ್ಮ ವಿಷಯಕ್ಕೆ ಹತ್ತಿರದ ಒಂದು ನಿಜವಾದ ಉದಾಹರಣೆ ಹೇಳುತ್ತೇನೆ. 2012ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ತನ್ನ ಮೊದಲ ದೊಡ್ಡ ಆನ್‌ಲೈನ್ ಕೋರ್ಸ್ ನಡೆಸಿತು. ವಿಷಯ ಎಲೆಕ್ಟ್ರಾನಿಕ್ ಸರ್ಕಿಟ್. ಹೆಸರು ಬರೆಸಿದವರು ಒಂದೂವರೆ ಲಕ್ಷಕ್ಕೂ ಹೆಚ್ಚು, ಸರ್ಟಿಫಿಕೇಟ್ ಪಡೆದವರು 7,157. ಯಾರು ಯಾವಾಗ ಯಾವ ವಿಡಿಯೋ ಒತ್ತಿದರು ಅನ್ನೋದೆಲ್ಲ ಸರ್ವರ್‌ನಲ್ಲಿ ಇತ್ತು. ಸಂಶೋಧಕರು ಅಷ್ಟಕ್ಕೇ ನಿಲ್ಲಲಿಲ್ಲ. ಕಲಿತವರಿಗೆ ಪ್ರಶ್ನಾವಳಿ ಕಳಿಸಿದರು, ಚರ್ಚಾ ವೇದಿಕೆಯಲ್ಲಿ ಅವರು ಬರೆದದ್ದನ್ನೂ ಓದಿದರು. ಆಗ ಒಂದು ಸಂಗತಿ ಗೊತ್ತಾಯಿತು. ಕಂಪ್ಯೂಟರ್‌ನಿಂದ ಆಚೆ, ಜೊತೆಗೆ ಕಲಿಯುವವರ ಹತ್ತಿರವೋ ವಿಷಯ ಗೊತ್ತಿದ್ದವರ ಹತ್ತಿರವೋ ಕೂತು ಓದಿದವರ ಅಂಕ, ಒಬ್ಬರೇ ಓದಿದವರಿಗಿಂತ ಸುಮಾರು ಮೂರು ಹೆಚ್ಚು ಇರುತ್ತಿತ್ತು. ಪಕ್ಕದಲ್ಲಿ ಯಾರು ಕೂತಿದ್ದರು ಅನ್ನೋದು ಸರ್ವರ್‌ಗೆ ಹೇಗೆ ಗೊತ್ತಾಗಬೇಕು? ಕೇಳಿದ್ದಕ್ಕೇ ಅದು ಸಿಕ್ಕಿದ್ದು.

ಈಗ ನಿಮ್ಮ ಹತ್ತು ಜನರ ವಿಷಯ. ಸಿಕ್ಕವರನ್ನು ಕೂರಿಸಿ ಮಾತಾಡಿಸಬೇಡಿ. ಮೊದಲು 214 ಉತ್ತರಗಳ ಮುಂದೆ ಕೂತು, ಲೆಕ್ಕಕ್ಕೆ ಸಿಗದವರು ಯಾರು ಅಂತ ಹುಡುಕಿ. ಸ್ವಂತ ಫೋನ್, ಒಳ್ಳೆ ನೆಟ್ ಎರಡೂ ಇದ್ದು ಎರಡನೇ ವಾರಕ್ಕೇ ಬಿಟ್ಟವರು. ಮನೆಯವರೆಲ್ಲರಿಗೂ ಒಂದೇ ಫೋನ್ ಇದ್ದರೂ ಕೋರ್ಸ್ ಮುಗಿಸಿದವರು. ನೀವು ಮಾತಾಡಿಸಬೇಕಾದವರು ಇವರು. ಕೇಳುವ ಪ್ರಶ್ನೆಗಳೂ ಅಲ್ಲಿಂದಲೇ ಹುಟ್ಟಬೇಕು. ಮೊದಲು ಅಂಕಿ, ಆ ಅಂಕಿಯನ್ನು ಬಿಡಿಸಲು ಆಮೇಲೆ ಮಾತು. ಇದಕ್ಕೇ ಎಕ್ಸ್‌ಪ್ಲನೇಟರಿ ಸೀಕ್ವೆನ್ಷಿಯಲ್ ಡಿಸೈನ್ ಅನ್ನೋದು. ಮಿಕ್ಸೆಡ್ ಮೆಥಡ್ ಬಗ್ಗೆ ಪುಸ್ತಕ ಬರೆದ ಕ್ರೆಸ್‌ವೆಲ್ ಮತ್ತು ಪ್ಲಾನೋ ಕ್ಲಾರ್ಕ್ ಇದನ್ನು ಚೆನ್ನಾಗಿ ವಿವರಿಸಿದ್ದಾರೆ. ಫಾರ್ಮ್‌ನಲ್ಲಿ ಫೋನ್ ನಂಬರ್ ಮತ್ತು ಒಪ್ಪಿಗೆ ಕೇಳಿದ್ದೀರಿ ತಾನೇ? ಕೇಳಿಲ್ಲದಿದ್ದರೆ ಇವರನ್ನು ಹುಡುಕುವುದು ಕಷ್ಟ.

ಇನ್ನೊಂದು ಮಾತು, ಇದು ತುಂಬಾ ಮುಖ್ಯ. ನೆಟ್ ಇಲ್ಲದೆ ಕೋರ್ಸ್ ಬಿಟ್ಟವರನ್ನು ನೆಟ್‌ನಲ್ಲೇ ಫಾರ್ಮ್ ಕಳಿಸಿ ಹುಡುಕಿದರೆ ಅವರು ಸಿಗುತ್ತಾರಾ? ನಿಮ್ಮ 214ರಲ್ಲಿ ಅಂಥವರು ತೀರಾ ಕಡಿಮೆ ಇರುತ್ತಾರೆ. ಹಳ್ಳಿ ಮಕ್ಕಳ ಓದಿನ ಬಗ್ಗೆ ದೇಶಾದ್ಯಂತ ನಡೆಯುವ ಅಸರ್ ಸಮೀಕ್ಷೆಯವರು 2020ರ ಸೆಪ್ಟೆಂಬರ್‌ನಲ್ಲಿ ಲಿಂಕ್ ಕಳಿಸಲಿಲ್ಲ. 2018ರಲ್ಲಿ ಹಳ್ಳಿಗಳಲ್ಲಿ ಬರೆದುಕೊಂಡಿದ್ದ ನಂಬರ್‌ಗಳಿಗೆ ಫೋನ್ ಮಾಡಿ ಮಾತಾಡಿದರು. ಶಾಲೆಗೆ ಸೇರಿದ ಹಳ್ಳಿ ಮಕ್ಕಳಲ್ಲಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದವರು 2018ರಲ್ಲಿ ಶೇ. 36.5 ಇದ್ದದ್ದು 2020ರಲ್ಲಿ ಶೇ. 61.8 ಆಗಿದೆ ಅಂತ ಗೊತ್ತಾದದ್ದು ಹಾಗೆ. ಅಂಥ ಫೋನ್ ಇಲ್ಲದ ಮನೆಗಳೂ ಲೆಕ್ಕಕ್ಕೆ ಬಂದದ್ದು ಮಾಮೂಲಿ ಕರೆಯಿಂದ. ನೀವೂ ಕಾಲೇಜಿನ ಹಾಜರಿ ಪುಸ್ತಕ ಹಿಡಿದು, ಫಾರ್ಮ್ ತುಂಬದ ಒಂದಷ್ಟು ಜನರಿಗೆ ಫೋನ್ ಮಾಡಿ ಅಥವಾ ಕಾಗದದ ಪ್ರಶ್ನಾವಳಿ ಕೊಡಿ.

ಮರುಪ್ರಶ್ನೆ: ನಂಬರ್ ಕೇಳಿದ್ದೇನೆ ಮೇಡಂ, ಒಪ್ಪಿಗೆಯೂ ಇದೆ. ಪ್ರಯೋಗಕ್ಕೆ ಇಬ್ಬರನ್ನು ಮಾತಾಡಿಸಿದೆ. ಫಾರ್ಮ್‌ನಲ್ಲಿ ಕೋರ್ಸ್‌ಗೆ ಐದಕ್ಕೆ ನಾಲ್ಕು ಕೊಟ್ಟವರು, ಎದುರಿಗೆ ಕೂತಾಗ ಏನೂ ತಿಳಿಯಲಿಲ್ಲ ಅಂದರು. ಯಾವುದನ್ನು ನಂಬಲಿ?

ಉತ್ತರ: ಎರಡನ್ನೂ ಇಟ್ಟುಕೊಳ್ಳಿ. ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸಿದರೆ ಪ್ರಬಂಧದ ಜೀವವೇ ಹೋಯಿತು. ಆ ಫಾರ್ಮ್ ಕಳಿಸಿದ್ದು ಅವರದೇ ಮೇಷ್ಟ್ರಾ? ಹಾಗಿದ್ದರೆ ಮರ್ಯಾದೆಗೆ ನಾಲ್ಕು ಒತ್ತಿರಬಹುದು. ಅಥವಾ ಕೋರ್ಸ್ ಚೆನ್ನಾಗಿದೆ, ನನಗೇ ತಲೆಗೆ ಹತ್ತಲಿಲ್ಲ ಅಂತ ಅಂದುಕೊಂಡಿರಬಹುದು. "ನಾಲ್ಕು ಕೊಟ್ಟಿದ್ದೀರಲ್ಲ, ಯಾಕೆ?" ಅಂತ ನೇರವಾಗಿ ಕೇಳಿ, ಸಿಕ್ಕ ಉತ್ತರವನ್ನು ಹಾಗೇ ಬರೆಯಿರಿ.

ಒಂದು ಕೋಷ್ಟಕ ಮಾಡಿಕೊಳ್ಳಿ. ಎಡಗಡೆ ಅಂಕಿ, ನಡುವೆ ಅವರ ಮಾತು, ಬಲಗಡೆ ಎರಡನ್ನೂ ಸೇರಿಸಿ ನಿಮಗೆ ತಿಳಿದದ್ದು. ಉದಾಹರಣೆಗೆ, ಕೋರ್ಸ್ ಬಿಟ್ಟ ಒಬ್ಬ ಹುಡುಗಿಯ ಬಗ್ಗೆ ಇಂಥದ್ದೊಂದು ಸಾಲು. ಎಡಗಡೆ: ಲಾಗಿನ್ ಎಲ್ಲ ರಾತ್ರಿ ಹತ್ತರ ಮೇಲೆ, ವಿಡಿಯೋ ಅರ್ಧಕ್ಕೇ ನಿಂತಿದೆ. ನಡುವೆ: "ಅಪ್ಪ ಕೆಲಸದಿಂದ ಬಂದ ಮ್ಯಾಲೇ ಫೋನ್ ಸಿಗತೈತ್ರಿ, ಅಷ್ಟೊತ್ತಿಗೆ ಇವತ್ತಿನ ಡೇಟಾ ಖಾಲಿ ಆಗಿರತೈತಿ." ಬಲಗಡೆ: ಬಿಟ್ಟದ್ದು ಆಸಕ್ತಿ ಇಲ್ಲದೆ ಅಲ್ಲ, ಫೋನ್ ಕೈಗೆ ಸಿಗುವ ಹೊತ್ತು ಮತ್ತು ಡೇಟಾ ಮುಗಿಯುವ ಹೊತ್ತು ಒಂದೇ ಆಗಿರುವುದರಿಂದ. ಬರೀ ಲಾಗಿನ್ ನೋಡಿದ್ದರೆ ಇವಳನ್ನು ಸೋಮಾರಿಗಳ ಗುಂಪಿಗೆ ಸೇರಿಸಿಬಿಡುತ್ತಿದ್ದೆವು, ಅಲ್ವಾ? ಬಲಗಡೆ ಬರೆಯಲು ಏನೂ ಹೊಳೆಯದಿದ್ದರೆ ಎರಡೂ ಇನ್ನೂ ಬೆರೆತಿಲ್ಲ ಅಂತ ತಿಳಿಯಿರಿ. ಮಾತನ್ನು ಅವರು ಆಡಿದ ಹಾಗೇ ಬರೆದುಕೊಳ್ಳಿ, ಗ್ರಂಥದ ಭಾಷೆಗೆ ತಿದ್ದಬೇಡಿ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನಾನು ಎಂ.ಎಡ್. ಪ್ರಬಂಧಕ್ಕೆ ನಮ್ಮ ಶಾಲೆಯ ಆರು ಶಿಕ್ಷಕರು ಸರ್ಕಾರದ ಕಲಿಕಾ ಆ್ಯಪ್ ಆದ ದೀಕ್ಷಾವನ್ನು ಹೇಗೆ ಬಳಸುತ್ತಾರೆ ಅಂತ ನೋಡುತ್ತಿದ್ದೇನೆ. ನಾನೂ ಮಿಕ್ಸೆಡ್ ಮೆಥಡ್ ಮಾಡಬೇಕಾ? ಸಮಯ ಕಡಿಮೆ ಇದೆ.

ಉತ್ತರ: ಬೇಡ. ಆರು ಜನರ ಶೇಕಡಾವಾರು ತೆಗೆದು ಏನು ಮಾಡುತ್ತೀರಿ? ನಿಮ್ಮ ಪ್ರಶ್ನೆ "ಹೇಗೆ ಬಳಸುತ್ತಾರೆ" ಅನ್ನೋದು. ಅವರ ತರಗತಿಯಲ್ಲಿ ಕೂತು ನೋಡಿ, ಪಾಠ ಮುಗಿದ ಮೇಲೆ ಮಾತಾಡಿಸಿ, ಪಠ್ಯಪುಸ್ತಕದ ಕ್ಯೂಆರ್ ಕೋಡ್ ಯಾವ ಪಾಠಕ್ಕೆ ತೆರೆದರು, ಯಾವುದಕ್ಕೆ ತೆರೆಯಲಿಲ್ಲ ಅಂತ ಗುರುತು ಹಾಕಿಕೊಳ್ಳಿ. ಇರುವ ಸಮಯವನ್ನೆಲ್ಲ ಅದಕ್ಕೇ ಕೊಡಿ.